ಹನಿ ಡೀಸೆಲ್ ಸೋರಲ್ಲ, ಆದರೂ ಗಾಡಿ ಏರ್ ಹಿಡಿಯುತ್ತದೆ

ಹಳೆಯ ಡೀಸೆಲ್ ಲಾರಿ ಚಾಲೂ ಆಗುತ್ತಿಲ್ಲ ಅಂದರೆ ನಾನು ಮೊದಲು ನೋಡುವುದು ಸೈಲೆನ್ಸರ್ ಬಾಯಿ. ಒಬ್ಬರನ್ನು ಸೆಲ್ಫ್ ಹೊಡೆಯಲು ಕೂರಿಸಿ ಹಿಂದೆ ಹೋಗಿ ನಿಲ್ಲುತ್ತೇನೆ. ಎಂಜಿನ್ ಜೋರಾಗಿ ತಿರುಗುತ್ತಾ ಬಿಳಿ ಹೊಗೆ ಬಿಡುತ್ತಿದ್ದರೆ ಡೀಸೆಲ್ ಸಿಲಿಂಡರ್‌ಗೆ ಬರುತ್ತಿದೆ, ಉರಿಯುತ್ತಿಲ್ಲ ಅಂತ ಲೆಕ್ಕ. ಆಗ ಕಂಪ್ರೆಷನ್ (ಒಳಗೆ ಗಾಳಿ ಒತ್ತುವ ಬಲ), ಟೈಮಿಂಗ್ (ಡೀಸೆಲ್ ಬೀಳುವ ಹೊತ್ತು), ನಾಝಲ್ (ಡೀಸೆಲ್ ಸಿಂಪಡಿಸುವ ಮೂತಿ) ಕಡೆ ಹೋಗಬೇಕು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ಲೇ ತಲುಪಿಲ್ಲ. ಡೀಸೆಲ್ ಎಂಜಿನ್‌ಗೆ ಪ್ಲಗ್ ಕಿಡಿ ಇರುವುದಿಲ್ಲ, ಅಲ್ವಾ? ಒಳಗೆ ಒತ್ತಿದ ಗಾಳಿ ಕಾಯ್ದು, ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಬರದ ಡೀಸೆಲ್‌ಗಾಗಿ ಸುಮ್ನೆ ಸೆಲ್ಫ್ ಹೊಡೆಯುತ್ತಾ ಕೂತರೆ ಬ್ಯಾಟರಿ ಇಳಿಯುತ್ತದೆ, ಸೆಲ್ಫ್ ಮೋಟಾರ್ ಬಿಸಿಯಾಗುತ್ತದೆ.

ಬ್ಯಾಡಗಿ ಮಾರ್ಕೆಟ್‌ಗೆ ಮೆಣಸಿನಕಾಯಿ ಚೀಲ ಹೊಡೆಯುವ ಒಂದು ಲಾರಿಯ ಕಥೆ ಹೇಳುತ್ತೇನೆ. ಅದರ ಡ್ರೈವರ್ ಅಣ್ಣ ಫೋನಿನಲ್ಲಿ ಅಂದದ್ದು ಇಷ್ಟು: "ದಿನಾ ಪೂರ್ತಿ ಚಲೋ ಓಡತೈತ್ರಿ. ಮುಂಜಾನೆ ಎದ್ದ ಕೂಡಲೇ ಚಾಲೂ ಆಗವಲ್ದು. ಹ್ಯಾಂಡ್ ಪಂಪ್ ಹೊಡದ್ರ ಮತ್ತ ಆಗತೈತಿ." ಹ್ಯಾಂಡ್ ಪಂಪ್ ಅಂದರೆ ಡೀಸೆಲ್ಲನ್ನು ಕೈಯಿಂದ ಒತ್ತಿ ಮುಂದೆ ತಳ್ಳುವ ಚಿಕ್ಕ ಪಂಪ್. ಡೀಸೆಲ್ ಪಂಪ್, ಅಂದರೆ ನಾಝಲ್‌ಗಳಿಗೆ ಒತ್ತಡದಲ್ಲಿ ಡೀಸೆಲ್ ಕೊಡುವ ಪಂಪ್, ಬಿಚ್ಚಿ ಕ್ಯಾಲಿಬ್ರೇಷನ್‌ಗೆ (ಅಳತೆ ಸರಿಮಾಡಲು) ಕಳಿಸಿ ಅಂತ ಅವರಿಗೆ ಯಾರೋ ಹೇಳಿದ್ದರಂತೆ. ಅಷ್ಟು ದುಡ್ಡು ಹಾಕುವ ಮೊದಲು ಅವರ ಮಾತನ್ನೇ ಇನ್ನೊಮ್ಮೆ ಕೇಳಿ ನೋಡಿ. ಪಂಪ್ ಸವೆದಿದ್ದರೆ ಗಾಡಿ ಲೋಡಿನಲ್ಲಿ ಎಳೆಯುವುದಿಲ್ಲ, ಬಿಸಿಯಾದಾಗ ಚಾಲೂ ಆಗಲು ಸತಾಯಿಸುತ್ತದೆ. ಇದು ಹಗಲೆಲ್ಲ ಸರಿಯಿದ್ದು, ರಾತ್ರಿ ನಿಂತ ಮೇಲೆ ಮಾತ್ರ ಮುನಿಸಿಕೊಳ್ಳುತ್ತಿದೆ. ಅಂದರೆ ರಾತ್ರಿ ಪೈಪಿನಲ್ಲಿದ್ದ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದು, ಅದರ ಜಾಗಕ್ಕೆ ಗಾಳಿ ಬಂದು ಕೂರುತ್ತಿದೆ.

ಆದರೂ ಸುಲಭದ್ದನ್ನು ಮೊದಲು ನೋಡಿಬಿಟ್ಟೆ. ಎಂಜಿನ್ ನಿಲ್ಲಿಸಲು ಎಳೆಯುವ ಸ್ಟಾಪ್ ಕೇಬಲ್ ಎಳೆದಲ್ಲೇ ಸಿಕ್ಕಿಕೊಂಡಿದೆಯಾ? ಎಷ್ಟೋ ಗಾಡಿಗಳಲ್ಲಿ ತೊಂದರೆ ಅಷ್ಟೇ ಇರುತ್ತದೆ. ಟ್ಯಾಂಕ್ ಮುಚ್ಚಳ ತೆಗೆದರೆ ಸುಯ್ ಅಂತ ಗಾಳಿ ಒಳಗೆ ಹೋಗುತ್ತದೆಯಾ? ಹೋದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ ಅಂತ. ಫಿಲ್ಟರ್ ಬುಡದ ಡ್ರೈನ್ ಸ್ಕ್ರೂ ಸಡಿಲಿಸಿ ಗಾಜಿನ ಲೋಟಕ್ಕೆ ಸ್ವಲ್ಪ ಇಳಿಸಿದೆ. ನೀರು ಡೀಸೆಲ್‌ಗಿಂತ ಭಾರ, ಇದ್ದರೆ ಲೋಟದ ತಳದಲ್ಲಿ ಬೇರೆಯಾಗಿ ಕಾಣುತ್ತದೆ. ಇಲ್ಲಿ ಇವ್ಯಾವುವೂ ಇರಲಿಲ್ಲ.

ಈಗ ಮುಖ್ಯ ವಿಷಯ. ಟ್ಯಾಂಕಿನಿಂದ ಡೀಸೆಲ್ ಎಳೆದು ಫಿಲ್ಟರ್ ಮೂಲಕ ಡೀಸೆಲ್ ಪಂಪ್‌ಗೆ ಕಳಿಸುವ ಚಿಕ್ಕ ಪಂಪೇ ಫೀಡ್ ಪಂಪ್. ಅದರಿಂದ ಮುಂದಿನ ಪೈಪಿನಲ್ಲಿ ಡೀಸೆಲ್ ಒತ್ತಡದಲ್ಲಿರುತ್ತದೆ, ತೂತಿದ್ದರೆ ಹೊರಗೆ ಸೋರುತ್ತದೆ, ಕಣ್ಣಿಗೆ ಬೀಳುತ್ತದೆ. ಟ್ಯಾಂಕಿನಿಂದ ಫೀಡ್ ಪಂಪ್‌ವರೆಗಿನ ಪೈಪಿನಲ್ಲಿ ಮಾತ್ರ ಪಂಪ್ ಡೀಸೆಲ್ಲನ್ನು ಎಳೆಯುತ್ತಿರುತ್ತದೆ. ಲಾರಿಯ ಟ್ಯಾಂಕ್ ಚಾಸಿಯ ಪಕ್ಕ ಕೆಳಗಿರುತ್ತದೆ, ಫೀಡ್ ಪಂಪ್ ಮೇಲೆ. ಅಲ್ಲಿ ಬಿರುಕಿದ್ದರೆ ಹೊರಗೆ ಒಂದು ಹನಿಯೂ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ತೂತಾದ ಸ್ಟ್ರಾ ಹಾಕಿ ಎಳನೀರು ಎಳೆದ ಹಾಗೆ. ಹೀಗಾಗಿ ಪೈಪ್ ಒಣಗಿದೆ, ಸೋರಿಕೆ ಇಲ್ಲ ಅಂತ ಜನ ಮುಂದೆ ಹೋಗಿಬಿಡುತ್ತಾರೆ. ಆಪಾದನೆ ಡೀಸೆಲ್ ಪಂಪ್ ಮೇಲೆ ಬೀಳುತ್ತದೆ.

ಇದನ್ನು ಹಿಡಿಯಲು ನನ್ನ ಹತ್ತಿರ ಒಂದು ಮೊಳ ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಇದೆ. ಫೀಡ್ ಪಂಪ್‌ಗೆ ಬರುವ ಪೈಪ್ ಬಿಚ್ಚಿ ನಡುವೆ ಇದನ್ನು ಸೇರಿಸಿ, ಕ್ಲಿಪ್ ಬಿಗಿದು, ಹ್ಯಾಂಡ್ ಪಂಪ್ ಹೊಡೆದು ಗಾಡಿ ಚಾಲೂ ಮಾಡಿದೆ. ಟಾರ್ಚ್ ಹಿಡಿದು ನೋಡಿದರೆ ಡೀಸೆಲ್ ಜೊತೆ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಹೋಗುತ್ತಿದ್ದವು. ಎಂಜಿನ್ ರೇಸ್ ಮಾಡಿದರೆ ಗುಳ್ಳೆ ಜಾಸ್ತಿ. ಗಾಳಿ ಇದರ ಹಿಂದೆಯೇ ಎಲ್ಲೋ ಸೇರುತ್ತಿದೆ ಅನ್ನುವುದು ಖಾತ್ರಿ ಆಯಿತು. ಆಮೇಲೆ ಡೀಸೆಲ್ ತುಂಬಿದ ಕ್ಯಾನ್ ತಂದು, ಹೊಸ ಪೈಪಿನಿಂದ ಅದನ್ನೇ ಫೀಡ್ ಪಂಪ್‌ಗೆ ಕೊಟ್ಟೆ. ಗುಳ್ಳೆ ನಿಂತಿತು. ಫೀಡ್ ಪಂಪ್ ಸರಿಯಿದೆ, ಹಳೆಯ ಲೈನಿನಲ್ಲೇ ತೊಂದರೆ.

ಲೈನನ್ನು ಬೆರಳಿನಲ್ಲಿ ಬಗ್ಗಿಸಿ ಬಗ್ಗಿಸಿ ನೋಡುತ್ತಾ ಬಂದೆ. ಟ್ಯಾಂಕಿನ ಮೇಲೆ ರಬ್ಬರ್ ಪೈಪ್ ಕೂರುವ ಕಡೆ ಕ್ಲಿಪ್ ಸರಿಸಿದಾಗ ಸಿಕ್ಕಿತು. ಕ್ಲಿಪ್ ಅಂಚಿಗೆ ಸರಿಯಾಗಿ ಕೂದಲೆಳೆಯಷ್ಟು ಬಿರುಕು. ಪೈಪ್ ನೇರ ಇದ್ದರೆ ಮುಚ್ಚಿಕೊಳ್ಳುತ್ತದೆ, ಬಗ್ಗಿಸಿದರೆ ಬಾಯಿ ಬಿಡುತ್ತದೆ. ಬರೀ ಕ್ಲಿಪ್ ಬಿಗಿದರೆ ಆಗಲ್ಲ, ಪೈಪೇ ಬದಲಿಸಬೇಕು. ನೀರಿನ ಪೈಪ್ ಹಾಕಬೇಡಿ, ಡೀಸೆಲ್‌ಗೆ ಅದು ಬೇಗ ಹಾಳಾಗುತ್ತದೆ. ಡೀಸೆಲ್ ಪೈಪ್ ಅಂತಲೇ ಕೇಳಿ ತನ್ನಿ. ಪೈಪ್ ತುದಿ ಕೂರಿಸುವ, ಒಳಗೆ ತೂತಿರುವ ಬಾಂಜೋ ಬೋಲ್ಟ್ ಬಿಚ್ಚಿದಾಗ ಅದರ ತಾಮ್ರದ ವಾಷರ್‌ಗಳನ್ನೂ ಬದಲಿಸಿದೆ. ಒಮ್ಮೆ ಒತ್ತಿ ಗಟ್ಟಿಯಾದ ವಾಷರ್ ಮತ್ತೆ ಸರಿಯಾಗಿ ಕೂರುವುದಿಲ್ಲ.

ಏರ್ ತೆಗೆಯುವುದಕ್ಕೂ ಒಂದು ಕ್ರಮ ಇದೆ, ಟ್ಯಾಂಕ್ ಕಡೆಯಿಂದ ಎಂಜಿನ್ ಕಡೆಗೆ. ಮೊದಲು ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ (ಗಾಳಿ ಹೊರಬಿಡುವ ಸ್ಕ್ರೂ) ಸಡಿಲಿಸಿ ಹ್ಯಾಂಡ್ ಪಂಪ್ ಹೊಡೆಯಬೇಕು. ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆ ಇಲ್ಲದ ಡೀಸೆಲ್. ಹೊಡೆಯುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು. ನಂತರ ಡೀಸೆಲ್ ಪಂಪ್‌ನ ಬ್ಲೀಡ್ ಸ್ಕ್ರೂ. ಸಾಮಾನ್ಯವಾಗಿ ಅಷ್ಟಕ್ಕೇ ಗಾಡಿ ಚಾಲೂ ಆಗುತ್ತದೆ. ಆಗದಿದ್ದರೆ ನಾಝಲ್ ಮೇಲಿನ ಒಂದೆರಡು ನಟ್ ಅರ್ಧ ಸುತ್ತು ಸಡಿಲಿಸಿ, ಆಕ್ಸಿಲೇಟರ್ ಪೂರ್ತಿ ಒತ್ತಿ, ಸೆಲ್ಫ್ ಹೊಡೆಸಿ. ಈ ಹಳೆಯ ನಾಝಲ್ ತೆರೆಯಲು ಸುಮಾರು 200 ಬಾರ್ ಒತ್ತಡ ಬೇಕು. ಪೈಪಿನಲ್ಲಿ ಗಾಳಿ ಇದ್ದರೆ ಪಂಪ್ ಒತ್ತಿದ್ದೆಲ್ಲ ಗಾಳಿ ಕುಗ್ಗಿಸುವುದರಲ್ಲೇ ಮುಗಿಯುತ್ತದೆ, ನಾಝಲ್ ತೆರೆಯುವುದೇ ಇಲ್ಲ. ನಟ್ ಸುತ್ತ ಡೀಸೆಲ್ ಉಕ್ಕಿ ಬಂದರೆ ಬಿಗಿದುಬಿಡಿ. ಅಲ್ಲಿ ಬೆರಳು ಇಡಲೇಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಹಾಗಾದರೆ ನೋವು ಇರಲಿ ಬಿಡಲಿ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಬೇಸರದ ಸಂಗತಿ ಅಂದರೆ ಎಷ್ಟೋ ಜನ ದಿನಾ ಬೆಳಿಗ್ಗೆ ಏರ್ ತೆಗೆದುಕೊಂಡೇ ಗಾಡಿ ಓಡಿಸುತ್ತಾರೆ. ಗಾಳಿ ಎಲ್ಲಿಂದ ಬರುತ್ತಿದೆ ಅಂತ ಹುಡುಕುವುದಿಲ್ಲ. ಡೀಸೆಲ್ ಪಂಪ್ ಒಳಗೆ ಡೀಸೆಲ್ ಒತ್ತುವ ಎಲಿಮೆಂಟ್‌ಗೆ ಡೀಸೆಲ್ಲೇ ಎಣ್ಣೆ. ಗಾಳಿ ಬೆರೆತ ಡೀಸೆಲ್‌ನಲ್ಲಿ ಬಹಳ ದಿನ ಓಡಿದರೆ ಚೆನ್ನಾಗಿದ್ದ ಪಂಪೂ ಸವೆಯುತ್ತದೆ.

ಇದೆಲ್ಲ ಹಳೆಯ ಪಂಪ್ ಇರುವ ಗಾಡಿಗಳಿಗೆ ಮಾತ್ರ. 2020ರ ಏಪ್ರಿಲ್‌ನಿಂದ ಬರುತ್ತಿರುವ ಬಿಎಸ್ 6 (ಹೊಗೆ ಮಿತಿಯ ಹೊಸ ನಿಯಮದ) ಲಾರಿಗಳಲ್ಲಿ ಕಾಮನ್ ರೈಲ್, ಅಂದರೆ ಎಲ್ಲ ನಾಝಲ್‌ಗೂ ಒತ್ತಡದ ಡೀಸೆಲ್ ಕೊಡುವ ಒಂದೇ ಪೈಪ್, ಇರುತ್ತದೆ, ಒತ್ತಡ 1500 ಬಾರ್ ದಾಟುತ್ತದೆ. ಅಲ್ಲಿ ನಾಝಲ್ ನಟ್ ಸಡಿಲಿಸಿ ಏರ್ ತೆಗೆಯುವ ಕೆಲಸಕ್ಕೆ ಕೈ ಹಾಕಬೇಡಿ. ಫಿಲ್ಟರ್, ನೀರು, ಟ್ಯಾಂಕ್ ಕಡೆಯ ಪೈಪ್ ನೋಡಿ, ಮುಂದಿನದಕ್ಕೆ ಎಂಜಿನ್ ಕಂಪ್ಯೂಟರ್‌ನ ದೋಷ ಓದುವ ಸ್ಕ್ಯಾನರ್ ಇರುವವರನ್ನು ಕರೆಯಿರಿ.