ಹಳ್ಳಿಯ ಈಸ್ಟರ್‌ಗೆ ಕರೆ ಬಂದರೆ ಶನಿವಾರ ಸಂಜೆಯೇ ಹೊರಡಿ

ಘಟ್ಟ ಇಳಿದು ಕರಾವಳಿಗೆ ಬಂದ ಮೊದಲ ವರ್ಷ ನಿಮಗೆ ಆಗುತ್ತಿರುವುದೇ ನಮಗೂ ಆಗಿತ್ತು. ಬಸ್ಸಿನಲ್ಲಿ ತುಳು, ಪಕ್ಕದ ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಬ್ಯಾರಿ. ರಾಜ್ಯ ನಮ್ಮದೇ ಆದರೂ ಪರದೇಶಕ್ಕೆ ಬಂದ ಹಾಗೆ. ಹಾವೇರಿ ಕಡೆಯಿಂದ ಬಂದ ನಮಗೆ ಇಲ್ಲಿ ಬೇರು ಹಿಡಿದದ್ದು ನೆರೆಮನೆಯ ಬಾಯಮ್ಮ ಶಿರ್ವದ ಹತ್ತಿರದ ತಮ್ಮ ತವರಿಗೆ ಈಸ್ಟರ್ ಹಬ್ಬಕ್ಕೆ ಕರೆದುಕೊಂಡು ಹೋದ ಮೇಲೆ. ಹೀಗೆ ಘಟ್ಟ ಇಳಿದು ಬಂದವರ ನಮ್ಮ ಸಂಘಕ್ಕೆ ಹೊಸದಾಗಿ ಸೇರುವ ಮನೆಯವರು ಪ್ರತಿ ವರ್ಷ ಇದರ ಬಗ್ಗೆ ಕೇಳುತ್ತಾರೆ, ಹಾಗಾಗಿ ಬರೆದಿಡುತ್ತಿದ್ದೇನೆ.

ಹೆಚ್ಚಿನವರು ಭಾನುವಾರ ಮಧ್ಯಾಹ್ನದ ಊಟಕ್ಕೆ ಮಾತ್ರ ಹೋಗಿ ಬರುತ್ತಾರೆ. ನನ್ನ ಕೇಳಿದರೆ ಶನಿವಾರ ರಾತ್ರಿಯ ಜಾಗರಣೆಯ ಪೂಜೆಗೇ ಹೋಗಬೇಕು. ಆ ಕತ್ತಲು ನೋಡದಿದ್ದರೆ ಮರುದಿನದ ಸಂಭ್ರಮ ಅರ್ಥವಾಗುವುದಿಲ್ಲ.

ಹಬ್ಬಕ್ಕೆ ಮುಂಚಿನ ನಲವತ್ತು ದಿನ ಉಪವಾಸದ ಕಾಲ, ಕೊಂಕಣಿಯಲ್ಲಿ ಕರೆಜ್ಮ. ಆಗ ಬಹಳ ಮನೆಗಳಲ್ಲಿ ಮಾಂಸ ಬಿಡುತ್ತಾರೆ, ಮದುವೆ ಇಟ್ಟುಕೊಳ್ಳುವುದಿಲ್ಲ. ನಿಮ್ಮ ಗೃಹಪ್ರವೇಶದ ದೊಡ್ಡ ಔತಣಕ್ಕೆ ಅವರನ್ನು ಆ ವಾರಗಳಲ್ಲಿ ಕರೆದು ಇಕ್ಕಟ್ಟಿಗೆ ಸಿಲುಕಿಸಬೇಡಿ. ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಇಗರ್ಜಿಯಿಂದ, ಅಂದರೆ ಚರ್ಚಿನಿಂದ, ತಂದ ಎಳೆ ಗರಿಯ ಶಿಲುಬೆ ಮನೆಯ ದೇವರ ಪೀಠದ ಬಳಿ ಕಾಣುತ್ತದೆ. ಒಣಗಿತೆಂದು ಮಕ್ಕಳು ಕಿತ್ತು ಆಡದಂತೆ ನೋಡಿಕೊಳ್ಳಿ. ಹಳೆಯ ಗರಿಗಳನ್ನು ಸುಟ್ಟೇ ಮುಂದಿನ ವರ್ಷ ಉಪವಾಸದ ಕಾಲ ಶುರುವಾಗುವ ಬೂದಿ ಬುಧವಾರಕ್ಕೆ ಬೂದಿ ಮಾಡುವುದು. ಶುಭ ಶುಕ್ರವಾರ ಹೆಸರಲ್ಲಿ ಶುಭ ಇದ್ದರೂ ಅದು ಸಾವಿನ ದಿನ. ಗಂಜಿ ಊಟ, ಮೌನ. ಅಂದು ಸಿಹಿ ಹಿಡಿದುಕೊಂಡು ಯಾರ ಮನೆಗೂ ಹೋಗಬೇಡಿ, ಶುಭಾಶಯದ ಮೆಸೇಜೂ ಬೇಡ.

ಶನಿವಾರದ ಪೂಜೆ ಕತ್ತಲಾದ ಮೇಲೆಯೇ ಶುರು. ಎರಡು ಗಂಟೆಗೂ ಮಿಕ್ಕಿ ನಡೆಯುತ್ತದೆ, ಒಳದಾರಿಯ ಕೊನೆಯ ಬಸ್ಸು ಅಷ್ಟರಲ್ಲಿ ಹೋಗಿರುತ್ತದೆ. ಗಾಡಿ ಇಲ್ಲದವರು ಕರೆದವರ ಮನೆಯಲ್ಲೇ ಉಳಿಯುತ್ತೇವೆಂದು ಮೊದಲೇ ಹೇಳಿಬಿಡಿ, ಅವರಿಗೆ ಅದು ಸಂತೋಷವೇ. ಸೆಖೆಗೆ ಹತ್ತಿಬಟ್ಟೆ ಸಾಕು. ಮಕ್ಕಳಿಗೆ ಮೊದಲೇ ಏನಾದರೂ ತಿನ್ನಿಸಿ. ಚಪ್ಪಲಿ ಕಳಚಬೇಕೋ ಬೇಡವೋ ಎಂದು ಬಾಗಿಲಲ್ಲಿ ತಡವರಿಸುವ ಬದಲು ಮುಂದಿನವರನ್ನು ನೋಡಿ ನಡೆದುಕೊಳ್ಳಿ.

ಇಗರ್ಜಿಯ ಎಲ್ಲ ದೀಪ ಆರಿಸಿರುತ್ತಾರೆ. ಅಂಗಳದಲ್ಲಿ ಬೆಂಕಿ. ಧರ್ಮಗುರುಗಳು ದೊಡ್ಡ ಮೇಣದಬತ್ತಿಯ ಮೇಲೆ ಶಿಲುಬೆಯನ್ನೂ ಆ ವರ್ಷದ ನಾಲ್ಕು ಅಂಕಿಗಳನ್ನೂ ಗೀರಿ, ಐದು ಧೂಪದ ಕಾಳು ಚುಚ್ಚಿ, ಆ ಬೆಂಕಿಯಿಂದಲೇ ಹೊತ್ತಿಸುತ್ತಾರೆ. ಅದರ ಹಿಂದೆ ಜನ ಒಳಗೆ ಹೋಗುತ್ತಾರೆ. ಒಂದೇ ಬತ್ತಿಯ ಬೆಳಕು ಕೈಯಿಂದ ಕೈಗೆ ದಾಟುತ್ತಾ ಬರುತ್ತದೆ. ಮೊದಲ ವರ್ಷ ನನ್ನ ಮಗಳ ಬತ್ತಿ ಫ್ಯಾನಿನ ಗಾಳಿಗೆ ಎರಡು ಸಲ ಆರಿತು. ಎರಡೂ ಸಲ ಪಕ್ಕದ ಬೆಂಚಿನ ಮುದುಕರೊಬ್ಬರು, ಹೆಸರು ಕುಲ ಏನೂ ಕೇಳದೆ, ತಮ್ಮ ಬತ್ತಿ ಬಗ್ಗಿಸಿ ಹಚ್ಚಿಕೊಟ್ಟರು. ಮೇಣ ಅವರ ಹೆಬ್ಬೆರಳ ಮೇಲೆ ಬಿದ್ದು ಬೆಳ್ಳಗೆ ಗಟ್ಟಿಯಾಯಿತು, ಅವರು ಒರೆಸಿಕೊಳ್ಳಲಿಲ್ಲ. ಆಮೇಲೆ ಹಳೆಯ ಒಡಂಬಡಿಕೆಯ ವಾಚನಗಳು, ಉದ್ದವಾಗಿಯೇ ಇರುತ್ತವೆ. ಅವು ಮುಗಿದು ಗ್ಲೋರಿಯಾ ಎಂಬ ಸ್ತುತಿಗೀತೆ ಹಾಡುವಾಗ ಗುರುವಾರ ಸಂಜೆಯಿಂದ ಸುಮ್ಮನಿದ್ದ ಗಂಟೆಗಳು ಒಟ್ಟಿಗೆ ಮೊಳಗುತ್ತವೆ, ದೀಪಗಳೆಲ್ಲ ಹತ್ತುತ್ತವೆ. ನಿದ್ದೆ ಹೋದ ಮಕ್ಕಳು ಬೆಚ್ಚಿ ಏಳುವುದೂ ಆಗಲೇ. ಈ ಹೊತ್ತಿನಲ್ಲಿ ಮೊಬೈಲ್ ಜೇಬಿನಲ್ಲೇ ಇರಲಿ.

ಭಾಷೆ ಬರುವುದಿಲ್ಲವೆಂದು ಹಿಂಜರಿಯಬೇಡಿ. ಇಲ್ಲಿಯ ಕೊಂಕಣಿಯನ್ನು ಬರೆಯುವುದು ಕನ್ನಡ ಲಿಪಿಯಲ್ಲೇ, 1938ರಿಂದ ಮಂಗಳೂರಿನಲ್ಲಿ ಅಚ್ಚಾಗುತ್ತಿರುವ ‘ರಾಕ್ಣೊ’ ವಾರಪತ್ರಿಕೆಯೂ ಹಾಗೆಯೇ. ಹಾಡಿನ ಪುಸ್ತಕ ಕೈಗೆ ಸಿಕ್ಕರೆ ಓದಿಕೊಂಡು ದನಿ ಸೇರಿಸಬಹುದು. ನನ್ನ ಮೊದಲ ನೂರು ಕೊಂಕಣಿ ಪದ ಬಂದದ್ದು ಹಾಗೆ.

ಒಂದು ವಿಷಯ ಮಾತ್ರ ಮರೆಯಬೇಡಿ. ಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿ, ಅಂದರೆ ಪರಮಪ್ರಸಾದ, ಕಥೋಲಿಕರಿಗೆ ಮಾತ್ರ. ನಮ್ಮ ದೇವಸ್ಥಾನದ ಪ್ರಸಾದದಂತೆ ಬಂದವರಿಗೆಲ್ಲ ಕೊಡುವಂಥದ್ದಲ್ಲ. ಗೊತ್ತಿಲ್ಲದೆ ನಾವೂ ಸಾಲಿನಲ್ಲಿ ನಿಂತಿದ್ದೆವು. ಬಾಯಮ್ಮ ಹಿಂದಿನಿಂದ ಬಂದು ಕೈ ಹಿಡಿದು, "ನೀವು ಕೂತುಕೊಳ್ಳಿ ಆಯ್ತಾ, ನಾನು ಈಗ ಬಂದೆ" ಎಂದರು. ಸಾಲು ಎದ್ದಾಗ ನೀವು ಬೆಂಚಿನಲ್ಲೇ ಕೂತು, ಹೋಗುವವರಿಗೆ ಕಾಲು ಸರಿಸಿ ದಾರಿ ಕೊಟ್ಟರೆ ಸಾಕು. ಯಾರೂ ಬೇರೆಯಾಗಿ ನೋಡುವುದಿಲ್ಲ.

ಭಾನುವಾರ ಊಟದ ದಿನ. ಹಬೆಯಲ್ಲಿ ಬೆಂದ ಸನ್ನ, ಬಫಾತ್. ಸನ್ನದ ಹಿಟ್ಟು ಹುಳಿ ಬರಲು ಹಿಂದೆ ಕಳ್ಳು ಹಾಕುತ್ತಿದ್ದರು, ಈಗ ಹಲವರು ಯೀಸ್ಟ್ ಹಾಕುತ್ತಾರೆ. ಬಫಾತ್ ಸಾಮಾನ್ಯವಾಗಿ ಹಂದಿ ಮಾಂಸದ್ದು. ತಿನ್ನದವರು ಎರಡು ದಿನ ಮೊದಲೇ ತಿಳಿಸಿ. ಎಲೆಯ ಮುಂದೆ ಕೂತು ಹೇಳಿದರೆ ಮನೆಯವರಿಗೆ ನೋವಾಗುತ್ತದೆ. ಸಸ್ಯಾಹಾರಿಗಳಿಗೆ ಬೆಲ್ಲ ಹಾಕಿದ ಕಾಯಿಹಾಲಿನ ಜೊತೆ ಸನ್ನ ಕೊಡುತ್ತಾರೆ, ಅದರ ರುಚಿಗೆ ಬೇರೆ ಸಾಟಿಯಿಲ್ಲ. ಬಾಯಮ್ಮನ ಅತ್ತಿಗೆ ಬಫಾತ್ ಪುಡಿಯ ಡಬ್ಬಿ ತೆರೆದು ನನ್ನ ಮೂಗಿಗೆ ಹಿಡಿದಿದ್ದರು: "ಬಣ್ಣ ನೋಡಿ, ನಿಮ್ಮ ಬ್ಯಾಡಗಿಯದ್ದೇ." ಊರು ಬಿಟ್ಟು ಒಂಬತ್ತು ತಿಂಗಳಾಗಿತ್ತು. ನನ್ನ ಕಣ್ಣು ತುಂಬಿದ್ದು ಖಾರಕ್ಕಲ್ಲ.

ಉಡುಗೊರೆ ಏನು ಒಯ್ಯಬೇಕೆಂದು ಚಿಂತೆ ಬೇಡ. ಬಾಳೆಹಣ್ಣು, ಇಲ್ಲವೇ ನಿಮ್ಮೂರಿನ ತಿಂಡಿ ಸಾಕು. ನಾವು ಶೇಂಗಾ ಹೋಳಿಗೆ ಒಯ್ಯುತ್ತೇವೆ. ಹೊರಡುವಾಗ "ದೇವ್ ಬರೆಂ ಕರುಂ" ಎನ್ನಿ. ದೇವರು ಒಳ್ಳೆಯದು ಮಾಡಲಿ ಎಂದು ಅರ್ಥ, ಇಲ್ಲಿ ಧನ್ಯವಾದ ಹೇಳುವುದೇ ಹೀಗೆ.

ಕರೆಯುವವರು ಇನ್ನೂ ಸಿಕ್ಕಿಲ್ಲದವರು ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿಗೋ ಮಂಗಳೂರಿನ ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿಗೋ ಹೋಗಬಹುದು. ಕನ್ನಡದಲ್ಲೇ ಆರಾಧನೆ ಬೇಕೆಂದರೆ ಬಾಸೆಲ್ ಮಿಷನ್ ಪರಂಪರೆಯ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಪ್ರೊಟೆಸ್ಟೆಂಟ್ ದೇವಾಲಯಗಳಿವೆ. ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ.

ತಾರೀಖು ಪ್ರತಿ ವರ್ಷ ಬದಲಾಗುತ್ತದೆ: ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆ ಕಳೆದ ಭಾನುವಾರ. 2027ರಲ್ಲಿ ಮಾರ್ಚ್ 28, 2028ರಲ್ಲಿ ಏಪ್ರಿಲ್ 16. ಜೊತೆಗೆ ಬರುವವರು ಹದಿನೈದು ದಿನ ಮೊದಲೇ ಸಂಘಕ್ಕೆ ತಿಳಿಸಿದರೆ ಗಾಡಿ, ರಾತ್ರಿ ಉಳಿಯುವ ಮನೆ ಎರಡನ್ನೂ ಗೊತ್ತು ಮಾಡಿಕೊಡುತ್ತೇವೆ.