ಫೈಲಿನಲ್ಲಿದ್ದ ಸಹಿ ನನ್ನದೇ

ಒಂದು ಸಂಜೆ ಥಿಯೇಟರ್ ಸಿಸ್ಟರ್ ನನ್ನ ಕೋಣೆಗೆ ಬಂದು, ನಮ್ಮ ವಿಭಾಗದ ಒಬ್ಬ ಸರ್ಜನ್ ಬಗ್ಗೆ, "ಸರ್, ನಮ್ಮ ಮನೆಯವರಿಗೆ ಆಪರೇಷನ್ ಆಗಬೇಕಿದ್ದರೆ ಅವರ ಕೈಗೆ ಕೊಡಲ್ಲ" ಅಂದರು. ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥನಾದ ನನಗೂ ಅದು ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಕಾಗದದ ಮೇಲೆ ಮಾತ್ರ ಏನೂ ಇರಲಿಲ್ಲ.

ಆ ಸರ್ಜನ್‌ರ ಫೈಲ್ ತೆಗೆದೆ. ಆರು ವರ್ಷದ ವಾರ್ಷಿಕ ವರದಿಗಳಲ್ಲೂ 'ತೃಪ್ತಿಕರ', ಕೆಳಗೆ ನನ್ನದೇ ಸಹಿ. "ನಿನ್ನೆಯವರೆಗೆ ಸರಿಯಿದ್ದವರು ಇವತ್ತು ಹೇಗೆ ಕೆಟ್ಟರು?" ಎಂದು ಆಡಳಿತದವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಸುಮ್ಮನಿದ್ದರೆ ಏನಾಗುತ್ತದೆಂದು ಇಂಗ್ಲೆಂಡಿನ ಬ್ರಿಸ್ಟಲ್ ಪ್ರಕರಣ ಓದಿದವರಿಗೆ ಗೊತ್ತು. ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯ ಬಗ್ಗೆ ಅರಿವಳಿಕೆ ತಜ್ಞ ಸ್ಟೀಫನ್ ಬೋಲ್ಸಿನ್ ವರ್ಷಗಟ್ಟಲೆ ಎಚ್ಚರಿಸಿದರೂ ಆಪರೇಷನ್‌ಗಳು ನಡೆದೇ ಇದ್ದವು. 1991ರಿಂದ 1995ರ ನಡುವೆ ಒಂದು ವರ್ಷ ತುಂಬದ ಮಕ್ಕಳಲ್ಲಿ ನಿರೀಕ್ಷೆಗಿಂತ 30ರಿಂದ 35 ಸಾವು ಹೆಚ್ಚಾಗಿದ್ದವೆಂದು 2001ರ ವಿಚಾರಣಾ ವರದಿ ಹೇಳಿತು.

ರಿಜಿಸ್ಟರ್ ಹಿಡಿದು ಕೂತೆ. ಮೊದಲು ಸಾವುಗಳನ್ನಷ್ಟೇ ಎಣಿಸಿದ್ದು ನನ್ನ ತಪ್ಪು. "ಕಷ್ಟದ ಕೇಸೆಲ್ಲ ನನಗೇ ಕಳಿಸ್ತೀರಿ, ಆಮೇಲೆ ನನ್ನನ್ನೇ ಕೇಳ್ತೀರಾ?" ಎಂದರು ನಮ್ಮ ಸರ್ಜನ್. ಮಾತು ನಿಜವಾಗಿತ್ತು. ಹಾಗಾಗಿ ಒಂದೇ ಬಗೆಯ ಆಪರೇಷನ್‌ಗಳನ್ನು ಆರಿಸಿ, ರೋಗಿಯ ವಯಸ್ಸು, ಇತರ ಕಾಯಿಲೆ, ತುರ್ತು ಕೇಸೋ ಅಲ್ಲವೋ ಎಂಬುದನ್ನೆಲ್ಲ ಲೆಕ್ಕಕ್ಕೆ ತಂದೆ. ಸಾವಿನ ವ್ಯತ್ಯಾಸ ಕರಗಿತು. ಉಳಿದದ್ದು ಬೇರೆ: ಸರಳವಾದ ಪಿತ್ತಕೋಶದ ಆಪರೇಷನ್ ಆದವರು ಮತ್ತೆ ಮತ್ತೆ ಥಿಯೇಟರಿಗೆ ಮರಳುತ್ತಿದ್ದರು. ವಿಭಾಗದ ಎಲ್ಲರ ಕೇಸ್ ಶೀಟ್‌ಗಳಲ್ಲೂ ಡಾಕ್ಟರ ಹೆಸರು ಮುಚ್ಚಿ ಹೊರಗಿನ ಇಬ್ಬರು ಸರ್ಜನ್‌ಗಳಿಗೆ ಕೊಟ್ಟೆವು. ತೊಡಕಿನವು ಎಂದು ಅವರು ಬೇರೆ ಇಟ್ಟವುಗಳಲ್ಲಿ ಬಹುಪಾಲು ಇವರದೇ.

ಅಷ್ಟಾದ ಮೇಲೆ ತಾರೀಖು ಸಮೇತ ಪತ್ರ ಕೊಟ್ಟೆ. ಉತ್ತರಕ್ಕೆ ಕಾಲಾವಕಾಶ, ಆ ಒಂದು ಆಪರೇಷನ್‌ಗೆ ತಡೆ, ಜೊತೆಗೆ ಮರುತರಬೇತಿಯ ದಾರಿ. ವಕೀಲರ ನೋಟಿಸ್ ಬಂತು. ಹಳೆಯ ಗೆಳೆಯರು ನನ್ನೊಡನೆ ಮಾತು ಬಿಟ್ಟರು. ಅದು ಇಂದಿಗೂ ನೋಯುತ್ತದೆ.

ವಿಚಾರಣೆ ಮುಗಿಯುವ ಮೊದಲೇ ಅವರು ರಾಜೀನಾಮೆ ಕೊಟ್ಟರು. "ಇಲ್ಲಿಗೆ ಮುಗಿಸಿಬಿಡಿ" ಎಂದಿತು ಆಡಳಿತ. ನಾನು ಒಪ್ಪಲಿಲ್ಲ, ವರದಿ ಪೂರ್ತಿಯಾಗಲೇಬೇಕೆಂದು ಹಟ ಹಿಡಿದೆ. ಕೆಲವು ತಿಂಗಳ ನಂತರ ಬೇರೊಂದು ಆಸ್ಪತ್ರೆಯಿಂದ ಫೋನ್ ಬಂತು: ಅವರ ಕೆಲಸ ಹೇಗಿತ್ತು? ವರದಿಯನ್ನು ಮುಂದಿಟ್ಟುಕೊಂಡು, ಅದರಲ್ಲಿದ್ದುದನ್ನು ಓದಿ ಹೇಳಿದೆ.