ಹಳೆಯ ಡೈರಿಯ ಹಾಕಿ ಭವಿಷ್ಯ: ಎಷ್ಟು ಸರಿಯಾಯ್ತು?

ಜೂನಿಯರ್ ವಿಶ್ವಕಪ್ ಹಾಕಿ, ಅಂದರೆ 21 ವರ್ಷದೊಳಗಿನ ಹುಡುಗರ ವಿಶ್ವಕಪ್ ಬಂತು ಅಂದರೆ ನಾನು ಡೈರಿ ತೆಗೆಯುತ್ತೇನೆ. ಭಾರತ ತಂಡದ ಪಟ್ಟಿ ಬರೆದು, ಇವರಲ್ಲಿ ಯಾರು ಮುಂದೆ ಒಲಿಂಪಿಕ್ಸ್ ಆಡುತ್ತಾರೆ ಅಂತ ಹೆಸರಿನ ಮುಂದೆ ಗುರುತು ಹಾಕುತ್ತೇನೆ. ಯಾರೂ ಕೇಳಿದ್ದಲ್ಲ, ಸುಮ್ನೆ ಒಂದು ಚಟ. ಉಡುಪಿಯ ಶಾಲೆಯೊಂದರಲ್ಲಿ ನಾನು ಪಿ.ಟಿ. ಮಾಸ್ಟ್ರು. ಈ ಚಟಕ್ಕೆ ಜೊತೆಯಾದವರು ಶೆಟ್ರು. ಅವರೂ ಪಿ.ಟಿ. ಮಾಸ್ಟ್ರೇ, ಈಗ ನಿವೃತ್ತರು. ಅವರ ಡೈರಿಗಳು ನನ್ನವಕ್ಕಿಂತ ಹಳೆಯವು.

ನಮ್ಮ ಕರಾವಳಿಯಲ್ಲಿ ಹಾಕಿ ಆಡುವವರು ಕಡಿಮೆ. ಸಂಜೆಯಾದರೆ ಇಲ್ಲಿ ವಾಲಿಬಾಲ್ ನೆಟ್ ಕಟ್ಟುತ್ತಾರೆ, ಇಲ್ಲದಿದ್ದರೆ ಕಬಡ್ಡಿ, ಕ್ರಿಕೆಟ್. ಹಾಕಿ ಬೇಕೆಂದರೆ ಘಟ್ಟ ಹತ್ತಿ ಕೊಡಗಿಗೆ ಹೋಗಬೇಕು. 2016ರ ರಿಯೋ ಒಲಿಂಪಿಕ್ಸ್ ತಂಡದಲ್ಲಿ ರಘುನಾಥ್, ಸುನಿಲ್, ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ ಹೀಗೆ ನಾಲ್ವರು ಕೊಡಗಿನವರೇ ಇದ್ದರು. ನಮ್ಮದು ಟಿವಿ ಎದುರಿನ ಹಾಕಿ.

ಬರೆದಿಟ್ಟದ್ದನ್ನು ತಿರುಗಿ ನೋಡಬೇಕು ಅನ್ನಿಸಿದ್ದು ಕೆನಡಾದಲ್ಲಿರುವ ನನ್ನ ಸೋದರಮಾವನ ಮಗನಿಂದ. ಅವನಿಗೆ ಅಲ್ಲಿ ಐಸ್ ಹಾಕಿ ಹುಚ್ಚು ಹಿಡಿದಿದೆ. ಎನ್‌ಎಚ್‌ಎಲ್ ಲೀಗಿನ ತಂಡಗಳು ಪ್ರತಿ ವರ್ಷ ಹದಿನೆಂಟರ ಆಸುಪಾಸಿನ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಇದೇ ಡ್ರಾಫ್ಟ್. ಯಾರು ಎಷ್ಟನೆಯವರಾಗಿ ಹೋದರು ಅನ್ನೋದು ಕಾಯಂ ದಾಖಲೆ. ಹಾಗಾಗಿ ಹತ್ತು ವರ್ಷ ಕಳೆದ ಮೇಲೆ ಯಾರ ಊಹೆ ಏನಾಯ್ತು ಅಂತ ತೂಗುವುದು ಅಲ್ಲಿ ಸುಲಭ. 1993ರಲ್ಲಿ ಮೊದಲನೆಯವರಾಗಿ ಹೋದ ಅಲೆಕ್ಸಾಂಡರ್ ಡೇಗ್ ಅಂಥ ಹೆಸರೇನೂ ಮಾಡಲಿಲ್ಲ. ಎರಡನೆಯವರಾಗಿ ಹೋದ ಕ್ರಿಸ್ ಪ್ರಾಂಗರ್ ಹಾಲ್ ಆಫ್ ಫೇಮ್ ಸೇರಿದರು. 1999ರಲ್ಲಿ 210ನೆಯವರಾಗಿ ಹೋದ ಸ್ವೀಡನ್ನಿನ ಹೆನ್ರಿಕ್ ಝೆಟರ್‌ಬರ್ಗ್ 2008ರಲ್ಲಿ ಡೆಟ್ರಾಯಿಟ್ ಪರ ಆ ಲೀಗಿನ ಸ್ಟ್ಯಾನ್ಲಿ ಕಪ್ ಗೆದ್ದರು. ಇಷ್ಟೆಲ್ಲ ಹೇಳಿ ಅವನು ಕೇಳಿದ, "ನೀವೂ ಬರೀತೀರಲ್ಲ ಭಾವ, ಎಷ್ಟು ಸರಿಯಾಗಿದೆ?"

ಮಳೆಗಾಲದಲ್ಲಿ ಶಾಲೆಯ ಮೈದಾನ ಕೆಸರಾಗಿ ಆಟವೆಲ್ಲ ನಿಂತಿದ್ದಾಗ ಕೂತು ನೋಡಿದೆವು. ಮೊದಲ ತೊಡಕು, "ಸರಿ" ಅಂದರೆ ಯಾವುದು? "ಒಳ್ಳೆ ಭವಿಷ್ಯ ಇದೆ", "ಗಮನಿಸಬೇಕಾದ ಹುಡುಗ" ಅಂತೆಲ್ಲ ಬರೆದಿದ್ದೆವು. ಇಂಥ ಮಾತು ಯಾವತ್ತೂ ಸುಳ್ಳಾಗುವುದಿಲ್ಲ, ಆದ್ದರಿಂದ ನಿಜವೂ ಆಗುವುದಿಲ್ಲ. ಅವನ್ನೆಲ್ಲ ಹೊಡೆದು ಹಾಕಿದೆವು. ಮುಂದಿನ ಎರಡು ಒಲಿಂಪಿಕ್ಸ್‌ಗಳಲ್ಲಿ ಒಂದು ಪಂದ್ಯವಾದರೂ ಆಡಿದರೆ ಸರಿ, ಇಲ್ಲದಿದ್ದರೆ ತಪ್ಪು. ಅಷ್ಟೇ ನಿಯಮ. ಗುರುತು ಹಾಕಿದವರನ್ನು ಮಾತ್ರ ನೋಡಿದರೆ ಸಾಲದು, ತಂಡದ 18 ಹೆಸರನ್ನೂ ಬರೆಯಬೇಕು ಅಂತ ಶೆಟ್ರು ಪಟ್ಟು ಹಿಡಿದರು. ಅದು ಒಳ್ಳೆಯದೇ ಆಯ್ತು. ನಮ್ಮ ಊಹೆಯ ನಿಜವಾದ ತೂತುಗಳು ಕಂಡದ್ದು ಗುರುತು ಇಲ್ಲದ ಹೆಸರುಗಳಲ್ಲೇ.

2016ರ ಪುಟವನ್ನೇ ನೋಡಿ. ಡಿಸೆಂಬರ್ 18, ಲಖನೌ. ಫೈನಲ್‌ನಲ್ಲಿ ಬೆಲ್ಜಿಯಂ ವಿರುದ್ಧ 2-1. ಗುರ್ಜಂತ್ ಸಿಂಗ್ ಒಂದು ಗೋಲು, ಸಿಮ್ರನ್‌ಜೀತ್ ಸಿಂಗ್ ಒಂದು. ನನ್ನ ದೊಡ್ಡ ಗುರುತು ಇದ್ದದ್ದು ನಾಯಕ ಹರ್ಜೀತ್ ಸಿಂಗ್ ಮೇಲೆ. ಕಪ್ ಎತ್ತಿದ ನಾಯಕ, ಮಿಡ್‌ಫೀಲ್ಡಿನಲ್ಲಿ ಚೆಂಡು ಹಂಚುವ ರೀತಿ ಚೆಂದ, ಇನ್ನೇನು ಬೇಕು? ಮುಂದೆ ಅವರ ಬದುಕಿನ ಮೇಲೆ ಪಂಜಾಬಿಯಲ್ಲಿ ಸಿನಿಮಾವೇ ಬಂತು. ಆದರೆ ಒಲಿಂಪಿಕ್ಸ್ ಆಡಲಿಲ್ಲ. ಅದೇ ತಂಡದ ಹರ್ಮನ್‌ಪ್ರೀತ್, ಮನ್‌ದೀಪ್, ಗುರ್ಜಂತ್, ಸುಮಿತ್, ನೀಲಕಂಠ ಶರ್ಮಾ, ವರುಣ್ ಕುಮಾರ್, ಸಿಮ್ರನ್‌ಜೀತ್ ಟೋಕಿಯೊದಲ್ಲಿ ಇದ್ದರು. ಇವರಲ್ಲಿ ಸುಮಿತ್ ಮತ್ತು ಸಿಮ್ರನ್‌ಜೀತ್ ಮುಂದೆ ನಾವಿಬ್ಬರೂ ಏನೂ ಬರೆದಿರಲಿಲ್ಲ.

ಸಿಮ್ರನ್‌ಜೀತ್ ವಿಷಯದಲ್ಲಿ ನನಗೂ ಶೆಟ್ರಿಗೂ ದೊಡ್ಡ ಜಗಳ. ಟೋಕಿಯೊಕ್ಕೆ ಆರಿಸಿದ 16 ಜನರಲ್ಲಿ ಅವರು ಇರಲಿಲ್ಲ, ಮೀಸಲು ಆಟಗಾರ. ಕೊರೊನಾ ಇದ್ದದ್ದರಿಂದ ಮೀಸಲಿನವರನ್ನೂ ಆಡಿಸಬಹುದು ಅಂತ ಆ ಸಲ ನಿಯಮ ಸಡಿಲ ಮಾಡಿದರು. 2021ರ ಆಗಸ್ಟ್ 5ರಂದು ಜರ್ಮನಿಯನ್ನು 5-4ರಿಂದ ಸೋಲಿಸಿ ಭಾರತ ಕಂಚು ಗೆದ್ದಿತಲ್ಲ, 41 ವರ್ಷದ ನಂತರದ ಪದಕ, ಅದರಲ್ಲಿ ಎರಡು ಗೋಲು ಇವರದ್ದು. "ಇದನ್ನು ಯಾರು ಊಹೆ ಮಾಡ್ಲಿಕ್ಕೆ ಆಗ್ತದೆ ಮಾರಾಯ್ರೆ? ಲೆಕ್ಕದಿಂದ ತೆಗೀರಿ" ಅಂತ ಶೆಟ್ರು. ನಾನು ಒಪ್ಪಲಿಲ್ಲ. ಆ ಹುಡುಗ ಮೀಸಲು ಪಟ್ಟಿಯ ತನಕ ಬಂದದ್ದು ಕೊರೊನಾದಿಂದ ಅಲ್ಲ. ಬಾಗಿಲ ಹತ್ತಿರ ನಿಂತವನಿಗೆ ಮಾತ್ರ ಅದೃಷ್ಟ ಸಿಗುತ್ತದೆ, ಅಲ್ವಾ? ಪುಟದಲ್ಲಿ ಅವರ ಹೆಸರು ಉಳಿಯಿತು. ಪಕ್ಕದಲ್ಲಿ ಶೆಟ್ರ ಆಕ್ಷೇಪವೂ ಉಳಿಯಿತು.

2013ರ ಪುಟ ಇದಕ್ಕೆ ಪೂರ್ತಿ ಉಲ್ಟಾ. ದೆಹಲಿಯಲ್ಲಿ ನಡೆದ ಆ ಕೂಟದಲ್ಲಿ ಭಾರತಕ್ಕೆ ಸಿಕ್ಕಿದ್ದು 10ನೇ ಸ್ಥಾನ. ಬೇಜಾರಿನಲ್ಲಿ ಶೆಟ್ರು ಇಡೀ ಪುಟಕ್ಕೆ ಅಡ್ಡ ಗೀಟು ಎಳೆದಿದ್ದರು. ಆ ತಂಡದ ನಾಯಕ ಮನ್‌ಪ್ರೀತ್ ಸಿಂಗ್! ಟೋಕಿಯೊದಲ್ಲಿ ಕಂಚು ಗೆದ್ದಾಗಲೂ ನಾಯಕ ಅವರೇ. ಆಕಾಶ್‌ದೀಪ್, ರಮಣ್‌ದೀಪ್ ರಿಯೋದಲ್ಲಿ ಆಡಿದರು, ಮನ್‌ದೀಪ್ ಟೋಕಿಯೊ, ಪ್ಯಾರಿಸ್ ಎರಡರಲ್ಲೂ. ಇನ್ನು 2001ಕ್ಕೆ ಹೋದರೆ ಹೋಬಾರ್ಟ್‌ನಲ್ಲಿ ಅರ್ಜೆಂಟೀನಾವನ್ನು 6-1ರಿಂದ ಬಡಿದು ಜೂನಿಯರ್ ಕಪ್ ಗೆದ್ದ ತಂಡ. ಗಗನ್ ಅಜಿತ್ ಸಿಂಗ್, ದೀಪಕ್ ಠಾಕೂರ್, ಜುಗರಾಜ್ ಸಿಂಗ್. ಇವರಿದ್ದರೆ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಪದಕ ಖಂಡಿತ ಅಂತ ಶೆಟ್ರ ಡೈರಿ. ಅಥೆನ್ಸ್‌ನಲ್ಲಿ ಭಾರತ 7ನೇ ಸ್ಥಾನಕ್ಕೆ ನಿಂತಿತು, 2008ರಲ್ಲಿ ಬೀಜಿಂಗ್‌ಗೆ ಅರ್ಹತೆಯೇ ಸಿಗಲಿಲ್ಲ. ಪೆನಾಲ್ಟಿ ಕಾರ್ನರಿನ ಭರವಸೆಯಾಗಿದ್ದ ಜುಗರಾಜ್‌ಗೆ 2003ರಲ್ಲಿ ಕಾರು ಅಪಘಾತವಾಗಿತ್ತು. ಜೂನಿಯರ್ ತಂಡದ ಪದಕ ನೋಡಿ ಹುಡುಗರಿಗೆ ಬೆಲೆ ಕಟ್ಟಿದ್ದು ಪುಟಪುಟದಲ್ಲೂ ಕಾಣುತ್ತದೆ.

ಗೋಲ್‌ಕೀಪರ್‌ಗಳ ಕತೆಯೇ ಬೇರೆ. 2016ರ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಶೂಟೌಟ್ ಗೆಲ್ಲಿಸಿದ್ದು ವಿಕಾಸ್ ದಹಿಯಾ. ಸಹಜವಾಗಿ ಗುರುತು ಅವರಿಗೇ. ಆದರೆ ಸೀನಿಯರ್ ತಂಡದಲ್ಲಿ ನೆಲೆ ನಿಂತದ್ದು ಆವತ್ತು ಎರಡನೇ ಗೋಲ್‌ಕೀಪರ್ ಆಗಿದ್ದ ಕೃಷ್ಣ ಪಾಠಕ್. ಅವರಿಗೂ ಒಲಿಂಪಿಕ್ಸ್ ಪಂದ್ಯ ದಕ್ಕಲಿಲ್ಲ, ಯಾಕೆಂದರೆ ಅಲ್ಲಿ ಸೀನಿಯರ್ ತಂಡದ ಕಾಯಂ ಗೋಲ್‌ಕೀಪರ್ ಶ್ರೀಜೇಶ್ ಇದ್ದರು. ಒಲಿಂಪಿಕ್ಸ್‌ನ 16ರ ಪಟ್ಟಿಯಲ್ಲಿ ಟೋಕಿಯೊದಲ್ಲೂ ಪ್ಯಾರಿಸ್‌ನಲ್ಲೂ ಗೋಲ್‌ಕೀಪರ್ ಒಬ್ಬರೇ. ಶ್ರೀಜೇಶ್ 2024ರ ತನಕ ಜಾಗ ಬಿಡಲಿಲ್ಲ, ಬಿಡುವ ಅಗತ್ಯವೂ ಇರಲಿಲ್ಲ. ಹುಡುಗನ ಆಟ ಮಾತ್ರ ನೋಡುತ್ತಿದ್ದೆವು, ಅವನಿಗಿಂತ ಮುಂದೆ ಕ್ಯೂನಲ್ಲಿ ಯಾರಿದ್ದಾರೆ ಅಂತ ನೋಡುತ್ತಿರಲಿಲ್ಲ.

ನಡುವೆ ಒಂದು ಊರ ಮೋಹವೂ ಸೇರಿದೆ. ಗೋಲ್‌ಕೀಪರ್ ಸೂರಜ್ ಕರ್ಕೇರ ಮುಂಬೈಯವರು. ಆದರೆ ಕರ್ಕೇರ ಅಂದ ಕೂಡಲೇ ಉಡುಪಿ, ಮಂಗಳೂರಿನವರ ಕಿವಿ ನೆಟ್ಟಗಾಗುತ್ತದೆ. 2017ರಲ್ಲಿ ಢಾಕಾದಲ್ಲಿ ಏಷ್ಯಾ ಕಪ್ ಗೆದ್ದ ತಂಡದಲ್ಲಿ ಅವರಿದ್ದರು. ಅವರ ಹೆಸರಿನ ಮುಂದೆ ಮೂರು ಗುರುತು ಬಿದ್ದಿದೆ, ಕಾರಣದ ಜಾಗದಲ್ಲಿ ಒಂದಕ್ಷರವೂ ಇಲ್ಲ. ಒಲಿಂಪಿಕ್ಸ್ ಸಿಗದಿದ್ದರೂ ಅವರು ಆಟ ಬಿಡಲಿಲ್ಲ. ಶ್ರೀಜೇಶ್ ನಿವೃತ್ತರಾದ ಮೇಲೆ 2025ರ ರಾಜಗೀರ್ ಏಷ್ಯಾ ಕಪ್‌ಗೆ ಪಾಠಕ್ ಜೊತೆ ಹೋದವರು ಇವರೇ.

ಇಷ್ಟಾದ ಮೇಲೆ ಶೆಟ್ರಿಗೆ ಒಂದು ತರಲೆ ಯೋಚನೆ ಹೊಳೆಯಿತು. ಒಂದು ಪಂದ್ಯವನ್ನೂ ನೋಡದೆ, ಅಷ್ಟರಲ್ಲಾಗಲೇ ಸೀನಿಯರ್ ತಂಡಕ್ಕೆ ಆಡಿದ್ದ ಹುಡುಗರಿಗೆ ಮಾತ್ರ ಗುರುತು ಹಾಕಿದ್ದರೆ? ಹಾಕಿ ನೋಡಿದೆವು. 2013ರಲ್ಲಿ ಮನ್‌ಪ್ರೀತ್ (ಲಂಡನ್ ಒಲಿಂಪಿಕ್ಸ್ ಆಡಿ ಬಂದಿದ್ದರು), ಮನ್‌ದೀಪ್, ಆಕಾಶ್‌ದೀಪ್. 2016ರಲ್ಲಿ ರಿಯೋ ಆಡಿದ್ದ ಹರ್ಮನ್‌ಪ್ರೀತ್, ಮತ್ತೆ ಮನ್‌ದೀಪ್. 2021ರಲ್ಲಿ ಟೋಕಿಯೊ ಕಂಚು ಹಿಡಿದೇ ಜೂನಿಯರ್ ತಂಡ ನಡೆಸಿದ ವಿವೇಕ್ ಸಾಗರ್ ಪ್ರಸಾದ್. ಇವರೆಲ್ಲ ಮುಂದೆ ಒಲಿಂಪಿಕ್ಸ್ ಆಡಿದವರೇ. ನಾವು ರಾತ್ರಿ ನಿದ್ದೆಗೆಟ್ಟು ಪಂದ್ಯ ನೋಡಿ ಹಾಕಿದ ಗುರುತುಗಳಿಗಿಂತ ಈ ಸೋಮಾರಿ ಲೆಕ್ಕ ಜಾಸ್ತಿ ನಿಖರ! ಅದಕ್ಕೂ ಒಂದು ಮಿತಿ ಇದೆ. ಸುಮಿತ್, ಸಿಮ್ರನ್‌ಜೀತ್ ಥರದವರು ಆ ಬಲೆಗೆ ಬೀಳುವುದಿಲ್ಲ. ನಮ್ಮಂಥವರು ಕಣ್ಣು ಹಾಯಿಸಬೇಕಾದ ಜಾಗ ಅದು. ಹರ್ಮನ್‌ಪ್ರೀತ್ ದೊಡ್ಡ ಆಟಗಾರ ಆಗುತ್ತಾರೆ ಅನ್ನಲು ಡೈರಿ ಯಾಕೆ ಬೇಕು?

ಶಾಲೆಯ ಮಕ್ಕಳ ಮೇಲೆ ಈ ಲೆಕ್ಕ ಹಾಕುವುದಿಲ್ಲ. ಹದಿಮೂರರಲ್ಲಿ ಆರು ತಿಂಗಳು ದೊಡ್ಡವನಾದರೆ ಎತ್ತರ, ಓಟ ಎಲ್ಲ ಮುಂದಿರುತ್ತದೆ, ನಮಗದು ಪ್ರತಿಭೆಯಾಗಿ ಕಾಣುತ್ತದೆ. ಕೆನಡಾದ ಐಸ್ ಹಾಕಿಯಲ್ಲಿ ವಯಸ್ಸನ್ನು ಜನವರಿ 1ರಿಂದ ಎಣಿಸುವುದರಿಂದ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಆಯ್ಕೆಯಾಗುತ್ತಾರೆ ಅನ್ನೋದು ಚೆನ್ನಾಗಿ ಗೊತ್ತಿರುವ ಸಂಗತಿ. ನಮ್ಮ ಹಿರಿಯರ ಕಾಲದಲ್ಲಿ ಇದನ್ನು ನೋಡೋಣ ಅಂದರೆ ಅರ್ಧ ಊರು ಜೂನ್ 1ಕ್ಕೇ ಹುಟ್ಟಿದೆ. ಶೆಟ್ರೂ ಅದೇ ದಿನ, ಶಾಲೆಗೆ ಸೇರಿಸಿದ ಮಾಸ್ಟ್ರು ಬರೆದುಕೊಂಡ ದಿನ.

2025ರ ಜೂನಿಯರ್ ವಿಶ್ವಕಪ್‌ಗೆ ಪುಟದ ರೂಪ ಬದಲಾಯಿಸಿದೆ. ಕೂಟ ನಡೆದದ್ದು ಚೆನ್ನೈ ಮತ್ತು ಮದುರೈಯಲ್ಲಿ, ಕೋಚ್ ಶ್ರೀಜೇಶ್. ಗುರುತು ಹಾಕುವ ಬದಲು ಈಗ ನೂರಕ್ಕೆ ಎಷ್ಟು ಅಂತ ಬರೆಯುತ್ತೇನೆ. ಪಕ್ಕದಲ್ಲಿ ಆ ಜಾಗದಲ್ಲಿ ಸೀನಿಯರ್ ತಂಡಕ್ಕೆ ಯಾರು ಆಡುತ್ತಿದ್ದಾರೆ, ಅವರ ವಯಸ್ಸೆಷ್ಟು ಅಂತ ಒಂದು ಕಾಲಂ. ಕಾರಣವನ್ನು ಮೊದಲ ಪಂದ್ಯಕ್ಕೂ ಮುಂಚೆ ಬರೆದು ತಾರೀಕು ಹಾಕುತ್ತೇನೆ, ಆಮೇಲೆ ತಿದ್ದುವ ಹಾಗಿಲ್ಲ. ಲಾಸ್ ಏಂಜಲೀಸ್ ಮುಗಿದ ಮೇಲೆ 2028ರಲ್ಲಿ ಒಮ್ಮೆ ನೋಡುವುದು. ಗೋಲ್‌ಕೀಪರ್‌ಗಳ ಲೆಕ್ಕ ಮಾತ್ರ 2032ರ ಬ್ರಿಸ್ಬೇನ್ ತನಕ ಮುಟ್ಟಬಾರದು ಅಂತ ನನ್ನ ಷರತ್ತು. "ಅಷ್ಟು ಹೊತ್ತಿಗೆ ನನಗೆ ಎಂಬತ್ತು ದಾಟ್ತದೆ. ಕೂಡಿಸುವ ಕೆಲಸ ನೀವೇ ಮಾಡಿ" ಅಂದಿದ್ದಾರೆ ಶೆಟ್ರು. ಅವರು ಮಾತ್ರ ಈಗಲೂ ಹಳೆಯ ಹಾಗೆ ಗುರುತೇ ಹಾಕುತ್ತಾರೆ.